ಸ್ವಂತ ಊರಲ್ಲಿ ಸೇವೆ ಇಲ್ಲ

ಏಳನೇ ಕ್ಲಾಸಿನ ಗಣಿತ ಪರೀಕ್ಷೆ ಇದ್ದ ಸೋಮವಾರ ನಾನು ಮೊದಲ ಸಲ ಊರು ಬಿಟ್ಟೆ. ಹಾರನಹಳ್ಳಿ ಸ್ಕೂಲಿನ ಗೇಟಿನವರೆಗೂ ಹೋಗಿದ್ದೆ. ಒಳಗೆ ಗಣಿತದ ಮೇಷ್ಟ್ರು ಪ್ರಶ್ನೆಪತ್ರಿಕೆ ಹಿಡಿದು ನಿಂತಿದ್ದರು. ಅವರ ಮುಖ ನೋಡಿದವನೇ ಹಾಗೇ ತಿರುಗಿಕೊಂಡೆ. ಹುಲ್ಲಿನ ಹೊರೆ ಹೊತ್ತು ಎದುರಿಗೆ ಬಂದ ಅಕ್ಕ, "ಎಲ್ಲಿಗ್ಲಾ?" ಅಂದಳು. "ಇಲ್ಲೇ. ಬತ್ತೀನಿ" ಅಂದೆ. ಅರಸೀಕೆರೆ ಜಂಕ್ಷನ್ನಿನಲ್ಲಿ ನಿಂತಿದ್ದ ರೈಲು ಎಲ್ಲಿಗೆ ಹೋಗುತ್ತೆ ಅಂತಲೂ ಕೇಳದೆ ಹತ್ತಿದೆ.

ಆಮೇಲೆ ಹುಬ್ಬಳ್ಳಿಯಲ್ಲಿ ಹೋಟೆಲು, ಗೋವಾದಲ್ಲಿ ಮೀನಿನ ಬೋಟು, ನಾಸಿಕದಲ್ಲಿ ಈರುಳ್ಳಿ ಮಂಡಿ, ಹೀಗೇ ಹತ್ತಾರು ಊರು. ಎಲ್ಲೂ ಎರಡು ವರ್ಷ ತುಂಬಲಿಲ್ಲ. ನಡುವೆ ಸಾವಿಗೋ ಮದುವೆಗೋ ಬಂದದ್ದುಂಟು, ಆದರೆ ಹೆಗಲಿನ ಚೀಲ ಇಳಿಸಿರಲಿಲ್ಲ. ಮೂವತ್ತು ವರ್ಷ ಆದಮೇಲೆ ಅದನ್ನು ಅಕ್ಕನ ಜಗಲಿ ಮೇಲೆ ಇಳಿಸಿದೆ. ಕೊಬ್ಬರಿ ಸುಲಿಯುತ್ತಿದ್ದವಳು ತಲೆ ಎತ್ತಿ, "ಬಂದ್ಯಾ? ಇಲ್ಲೇ ಅಂದ್ರೆ ಇಷ್ಟು ದೂರ ಅಂತ ನಂಗೇನ್ಲಾ ಗೊತ್ತು" ಅಂದಳು.

ನನ್ನ ಹಣೇಲಿ ಬರೆದಿರೋದೇ ಇದು. ಹೊರಟರೆ ಒಂದು ಆಗುತ್ತೆ, ನಿಂತರೆ ಇನ್ನೊಂದು ಆಗುತ್ತೆ. ನಿಂತ ಒಂದು ವರ್ಷದಲ್ಲಿ ಆದದ್ದನ್ನು ಹೇಳ್ತೀನಿ.

ಬಾಕಿ ಇದ್ದ ಪತ್ರಿಕೆ

ಬಂದ ವಾರದಲ್ಲೇ ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ವಯಸ್ಸಾದವರು ನನ್ನ ಮುಂದೆ ನಿಂತು ಕನ್ನಡಕ ಒರೆಸಿಕೊಂಡರು. ಅದೇ ಗಣಿತದ ಮೇಷ್ಟ್ರು. ರಿಟೈರಾಗಿ ಕೂದಲು ಹತ್ತಿಯಾಗಿತ್ತು. ನಾನು ಕೈ ಮುಗಿದೆ.

"ನಿನ್ನ ಉತ್ತರ ಪತ್ರಿಕೆ ಇನ್ನೂ ಬಂದಿಲ್ಲವಲ್ಲಯ್ಯ" ಅಂದರು.

ಅಲ್ಲೇ ಕಾಫಿ ಕುಡಿಸಿ ತಮ್ಮ ಕನಸು ಹೇಳಿದರು. ಹದಿನೆಂಟು ತುಂಬಿದ ಹುಡುಗ ಹುಡುಗಿಯರು ಒಂದು ವರ್ಷ ದೇಶಕ್ಕೆ ಕೊಡಬೇಕು. ಬಂದೂಕು ಹಿಡಿಯೋದಲ್ಲ, ಕೆರೆ, ಚರಂಡಿ, ಶಾಲೆ, ಮುದುಕರ ಅರ್ಜಿ, ಇಂಥ ಕೆಲಸ. ಅದಕ್ಕೆ 'ನಾಡಸೇವೆ' ಅಂತ ಹೆಸರಿಟ್ಟಿದ್ದರು. ಮೊದಲು ಹನ್ನೆರಡು ಜನರನ್ನಿಟ್ಟುಕೊಂಡು ನಮ್ಮ ಕಡೆ ಒಂದು ವರ್ಷ ಪ್ರಯೋಗ. ಮೇಲಿನ ಸಮಿತಿ ಒಪ್ಪಿದರೆ ರಾಜ್ಯವೆಲ್ಲ. ಹುಡುಗರ ಜೊತೆ ಓಡಾಡಲು ಒಬ್ಬ ಮೇಲ್ವಿಚಾರಕ ಬೇಕಾಗಿತ್ತು.

"ಸಾರ್, ನಾನು ಏಳನೇ ಕ್ಲಾಸೂ ಮುಗಿಸಿಲ್ಲ."

"ಓದಿದವರನ್ನ ಇಟ್ಟುಕೊಂಡರೆ ವರದಿ ಬರೀತಾರೆ. ನಿನಗೆ ಅಡುಗೆ ಬರುತ್ತೆ, ಗುದ್ದಲಿ ಹಿಡಿಯೋಕೆ ಬರುತ್ತೆ. ಹುಡುಗರು ಎಲ್ಲಿಂದ ಓಡಿಹೋಗ್ತಾರೆ ಅನ್ನೋದಂತೂ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಯೋಜನೆ ಮಂಜೂರಾದರೆ ಕೆಲಸ ಕಾಯಂ ಅಂದರು. ಕಾಯಂ ಅನ್ನೋ ಮಾತನ್ನು ನನಗೆ ಆವರೆಗೂ ಯಾರೂ ಹೇಳಿರಲಿಲ್ಲ. ಅಕ್ಕನಿಗೆ ಹೇಳಿದೆ. ಅವಳು ಹೋಗಿ ಕೊಬ್ಬರಿ ತುಂಬಿದ್ದ ಅಟ್ಟದ ಅರ್ಧ ಖಾಲಿ ಮಾಡಿ ನನಗೊಂದು ಮಂಚ ಹಾಕಿದಳು. ನಾನು ಹಿತ್ತಿಲಲ್ಲಿ ಒಂದು ತೆಂಗಿನ ಸಸಿ ನೆಟ್ಟೆ. ತೆಂಗು ನೆಟ್ಟವನು ಕಾಯಿ ಕಾಣಬೇಕಾದರೆ ಐದಾರು ವರ್ಷ ಇರಬೇಕು. ಅಕ್ಕ ಸಸಿಯನ್ನೂ ನನ್ನನ್ನೂ ನೋಡಿ, "ಇದಕ್ಕಾದ್ರೂ ಕಾಲಿಲ್ಲ ಬಿಡು" ಅಂದಳು.

ಕೊಬ್ಬರಿ ಬಣ್ಣ

ಸಮವಸ್ತ್ರದ ಬಣ್ಣಕ್ಕೇ ಮೂರು ಸಭೆ ನಡೆದವು. ಸಭೆ ಸೇರುತ್ತಿದ್ದುದು ಇಲ್ಲಿನ ಸಮಿತಿಯಲ್ಲಿದ್ದ ಕೊಬ್ಬರಿ ಸಾಹುಕಾರರ ಗೋಡೌನಿನಲ್ಲಿ, ಮೂಟೆಗಳ ಮೇಲೆ. ಹಸಿರು ಅಂದರೆ ಒಂದು ಪಕ್ಷದವರು ಕೆಮ್ಮಿದರು, ಕೇಸರಿ ಅಂದರೆ ಇನ್ನೊಂದು ಪಕ್ಷದವರು. ನೀಲಿ ಅಂದಾಗ ಎಲ್ಲರೂ ಒಟ್ಟಿಗೆ ಕೆಮ್ಮಿದರು. ಕೊನೆಗೆ ಸಾಹುಕಾರರು ಮೂಟೆ ತಟ್ಟಿ, "ಕೊಬ್ಬರಿ ಸಿಪ್ಪೆ ಬಣ್ಣ ಮಾಡ್ರಪ್ಪ. ಇದಕ್ಕೆ ಯಾವ ಪಾರ್ಟಿನೂ ಇಲ್ಲ, ಕೊಳೇನೂ ಕಾಣಲ್ಲ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೊದಲ ದಿನ ಹನ್ನೆರಡು ಜನ ಹೊಸ ಬಟ್ಟೆ ಹಾಕಿಕೊಂಡು ಜಾವಗಲ್ ಬಸ್ ಹತ್ತಿದರು. ಸಂತೆ ದಿನ. ಬಸ್ ಹೊರಟಿದ್ದೇ ತಡ, ಎಲ್ಲ ಕಡೆಯಿಂದಲೂ ಅವರ ಮೂಗಿಗೆ ನೋಟು ಚಾಚಿಕೊಂಡವು. "ಎರಡು ಜಾವಗಲ್ ಕೊಡಪ್ಪ." "ಒಂದು ಫುಲ್ಲು, ಒಂದು ಆಫು." ಒಬ್ಬ ಹೆಂಗಸು ಕೋಳಿ ಬುಟ್ಟಿ ತೋರಿಸಿ, "ಇವಕ್ಕೂ ಟಿಕೆಟ್ಟಾ?" ಅಂತ ಜಗಳಕ್ಕೇ ನಿಂತಳು.

ನಿಜವಾದ ಕಂಡಕ್ಟರು ಜನರ ಮಧ್ಯೆ ಹಿಂಡಿಸಿಕೊಂಡು ಬಂದು ಹನ್ನೆರಡು ಮುಖವನ್ನೂ ನೋಡಿ, ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ: "ಯಜಮಾನ್ರೇ, ಡಿಪೋದಲ್ಲಿ ನನ್ನ ಮೇಲೆ ಅಷ್ಟೊಂದು ಅನುಮಾನ ಬಂದೈತಾ?"

ಚರಂಡಿ ಮತ್ತು ಅಜ್ಜಿ

ಮೊದಲ ತಿಂಗಳು ಒಂದು ತಪ್ಪು ಮಾಡಿದೆವು. ಪರಿಚಯ ಇರುತ್ತೆ, ಅನುಕೂಲ ಅಂತ ಹುಡುಗರನ್ನು ಅವರವರ ಊರಿಗೇ ಹಾಕಿದೆವು. ಹಾರನಹಳ್ಳಿ ಚರಂಡಿಗೆ ಮೂವರು, ಮೂವರೂ ಅಲ್ಲಿನವರೇ.

ಗುದ್ದಲಿ ಇನ್ನೂ ಮಣ್ಣಿಗೆ ತಾಗಿರಲಿಲ್ಲ, ಒಬ್ಬನ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. "ಏನ್ರಪ್ಪಾ, ಮನೇಲಿ ಉಂಡ ತಟ್ಟೆ ಎತ್ತಿಲ್ಲ ನನ್ನ ಮೊಮ್ಮಗ. ಅವನ ಕೈಗೆ ಗುದ್ದಲಿನಾ? ತತ್ತಾ ಇಲ್ಲಿ!" ಕಿತ್ತುಕೊಂಡು ಚರಂಡಿಗೇ ಇಳಿದುಬಿಟ್ಟರು. ಅದನ್ನು ನೋಡಿ ಇನ್ನಿಬ್ಬರ ತಾಯಂದಿರು ಓಡಿ ಬಂದರು. ಅತ್ತೆ ಇಳಿದ ಮೇಲೆ ಸೊಸೆ ದಡದಲ್ಲಿ ನಿಲ್ಲೋ ಹಾಗಿಲ್ಲವಲ್ಲ, ಅವಳೂ ಇಳಿದಳು. ಮಧ್ಯಾಹ್ನದ ಹೊತ್ತಿಗೆ ಚರಂಡಿ ಕನ್ನಡಿ ಹಾಗಾಯಿತು. ನಮ್ಮ ಮೂವರು ಹೊಂಗೆ ಮರದ ಕೆಳಗೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು.

ಮೇಷ್ಟ್ರು ವರದಿ ಬರೆದರು: "ಕೆಲಸ ಸಂಪೂರ್ಣ. ಸೇವೆಗೆ ನೇಮಿಸಿದವರು ಮೂವರು. ಸೇವೆ ಮಾಡಿದವರು ನಾಲ್ವರು. ಬೇರೆ ಬೇರೆ ಜನ."

ಮುಂದಿನ ಸಭೆಯಲ್ಲಿ ನಾನು ಎದ್ದು ನಿಂತೆ. "ಸಾರ್, ಮನೆ ಊಟ ಸಿಗೋ ಕಡೆ ಸೇವೆ ಆಗಲ್ಲ. ಸ್ವಂತ ಜಿಲ್ಲೇಲಿ ಯಾರನ್ನೂ ಹಾಕಬಾರದು. ಬೇರೆ ಕಡೆಯಿಂದ ಕರೆಸೋಣ, ನಮ್ಮೋರನ್ನ ಬೇರೆ ಕಡೆ ಕಳಿಸೋಣ. ಯಾರಿಗೂ ವಿನಾಯಿತಿ ಬೇಡ. ಯಾರಿಗೂ ಅಂದ್ರೆ ಯಾರಿಗೂ!"

ಮೇಷ್ಟ್ರು ಪೆನ್ನು ತೆಗೆದು ನಿಯಮದ ಪುಸ್ತಕದಲ್ಲಿ ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡರು. ಸ್ಕೂಲಲ್ಲಿ ಅವರು ಹೇಳಿದ್ದನ್ನು ನಾನು ಯಾವತ್ತೂ ಬರೆದವನಲ್ಲ. ಆ ದಿನ ಮನೆಗೆ ಹೋಗುವಾಗ ಹೆಜ್ಜೆ ನೆಲಕ್ಕೆ ತಾಗಲಿಲ್ಲ.

ಗೌರಿಯ ಅರ್ಜಿ

ನಿಯಮದ ಪ್ರಕಾರ ಕೋಲಾರದ ಒಬ್ಬ ಹುಡುಗಿ ಹಳೇಬೀಡಿನ ಪಕ್ಕದ ಹುಲಿಕೆರೆಗೆ ಬಂದಳು. ವಯಸ್ಸಾದವರ ಅರ್ಜಿ ತುಂಬಿಕೊಡೋದು ಅವಳ ಕೆಲಸ. ಅಲ್ಲೊಬ್ಬರು ಒಂಟಿ ಅಜ್ಜಿ. ಹಳೇ ಕೊಳದ ಮೆಟ್ಟಿಲಿನ ಹತ್ತಿರ ಕಾದು ಕೂತಿರೋರು, ಹುಡುಗಿ ಕಂಡ ಕೂಡಲೇ, "ಬಾರವ್ವ, ಒಂದು ಅರ್ಜಿ ಐತೆ" ಅನ್ನೋರು. ಪಿಂಚಣಿದು ಆಯಿತು, ರೇಷನ್ನಿಂದು ಆಯಿತು, ಕಣ್ಣಿಂದು ಆಯಿತು. ಆದರೂ ದಿನಾ ಒಂದು ಅರ್ಜಿ, ಅರ್ಜಿ ಜೊತೆಗೆ ರಾಗಿ ರೊಟ್ಟಿ.

ಒಂದು ದಿನ ನಾನೂ ಅಲ್ಲೇ ಇದ್ದೆ. ಹುಡುಗಿ ಕೇಳಿದಳು: "ಇವತ್ತಿನ ಅರ್ಜಿ ಯಾರ ಹೆಸರಿಗೆ ಅಜ್ಜಿ?"

"ಗೌರಿ ಅಂತ ಬರ್ಕೊ."

"ವಯಸ್ಸು?"

"ಆರು."

"ಮೊಮ್ಮಗಳಾ? ಸ್ಕೂಲಿಗೆ ಹೋಗ್ತಾಳಾ?"

"ಹೋಗ್ತಾಳೆ, ಮೇಯಕ್ಕೆ. ಹಸ ಕಣವ್ವ ಅದು."

ಹುಡುಗಿ ಪೆನ್ನು ನಿಲ್ಲಿಸಿದಳು. ಅಜ್ಜಿ ರೊಟ್ಟಿ ತಟ್ಟೆ ಮುಂದಕ್ಕೆ ತಳ್ಳಿ, "ನಂದೆಲ್ಲಾ ಮುಗುದೋಯ್ತಲ್ಲ ಮಗಾ. ಬರೆಯೋಕೇನೂ ಇಲ್ಲ ಅಂದ್ರೆ ನೀನು ಯಾಕೆ ಬತ್ತೀಯಾ?" ಅಂದರು.

ಹುಡುಗಿ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. ಆಮೇಲೆ ಪೆನ್ನು ಎತ್ತಿ ಗಂಭೀರವಾಗಿ ಕೇಳಿದಳು: "ಗೌರಿಯ ತಂದೆ ಹೆಸರೇನು ಅಜ್ಜಿ?"

"ಅದನ್ನ ನಾಳೆ ಯೋಚಿಸಿ ಹೇಳ್ತೀನಿ, ನಾಳಿಕ್ ಬಾ."

ಬೇಲೂರಿನ ಪೊರಕೆ

ವರ್ಷದ ಕೊನೆಗೆ ಮೇಲಿನ ಸಮಿತಿಯ ಅಧಿಕಾರಿ ನೋಡಲು ಬರುತ್ತಾರೆ ಅಂತಾಯಿತು. ಅವರು ಒಪ್ಪಿದರೆ ಯೋಜನೆ ಉಳಿಯುತ್ತೆ, ನಾನೂ ಊರಲ್ಲಿ ಉಳೀತೀನಿ. ಹಿಂದಿನ ವಾರವೆಲ್ಲ ಅಕ್ಕ ಕಂಡ ಗುಡಿಯಲ್ಲೆಲ್ಲ ದೀಪ ಹಚ್ಚಿದ್ದಳು.

ಅವತ್ತು ಹುಡುಗರು ಬೇಲೂರು ಬಸ್ ಸ್ಟ್ಯಾಂಡಿನ ಹತ್ತಿರ ರಸ್ತೆ ಗುಡಿಸುತ್ತಿದ್ದರು. ಮೇಷ್ಟ್ರು ಅವರಿಗೆ ಒಂದು ಪಾಠ ಕಲಿಸಿದ್ದರು: "ಏನು ಮಾಡ್ತಿದ್ದೀರಿ ಅಂತ ಯಾರಾದರೂ ಕೇಳಿದರೆ ಭಾಷಣ ಮಾಡಬೇಡಿ. ಪೊರಕೆ ಕೊಡಿ." ನಾವು ಹಿರಿಯರು ಹಾರ ಹಿಡಿದು ಕಾರಿಗಾಗಿ ಪ್ರವಾಸಿ ಮಂದಿರದ ಮುಂದೆ ಕಾಯುತ್ತಿದ್ದೆವು. ಒಂದು ಗಂಟೆ ಆಯಿತು, ಎರಡಾಯಿತು. ಹಾರ ಬಾಡಿತು. ಸಾಹುಕಾರರು ಹಣ್ಣಿನ ಬುಟ್ಟಿಯ ದ್ರಾಕ್ಷಿಯನ್ನು ಒಂದೊಂದೇ ತಿಂದು ಮುಗಿಸಿದರು.

ಆಗ ಬೆವರು ಸುರಿಸಿಕೊಂಡು, ಪ್ಯಾಂಟು ಮಡಚಿಕೊಂಡು, ಕೈಯಲ್ಲಿ ಪೊರಕೆ ಹಿಡಿದ ಒಬ್ಬರು ಬಂದರು. ಮೇಷ್ಟ್ರಿಗೆ ಕನ್ನಡಕದಲ್ಲೂ ದೂರ ಸರಿಯಾಗಿ ಕಾಣಲ್ಲ. "ಏನಯ್ಯಾ, ಕೆಲಸ ಬಿಟ್ಟು ಇಲ್ಲಿಗ್ಯಾಕೆ ಬಂದೆ? ಹೋಗು, ಆ ಮೂಲೆ ಇನ್ನೂ ಹಾಗೇ ಇದೆ!" ಅಂತ ಗದರಿದರು.

ಆ ಮನುಷ್ಯ ಹೋಗಿ ಮೂಲೆ ಗುಡಿಸಿ ಬಂದು, "ಸಾರ್, ನಾನು ಬಸ್ಸಿನಲ್ಲಿ ಬಂದೆ. ಇಳಿದು ಒಂದೇ ಒಂದು ಪ್ರಶ್ನೆ ಕೇಳಿದೆ" ಅಂದರು. ಅಧಿಕಾರಿ ಅವರೇ. ಬಾಡಿದ ಹಾರ ಹಾಕಿಸಿಕೊಂಡು ಹೊರಡುವಾಗ ಮೇಷ್ಟ್ರ ಕೈ ಹಿಡಿದು ಅಂದರು: "ಮಂಜೂರು ಮಾಡ್ತೀನಿ. ಮಾಡಲಿಲ್ಲ ಅಂದ್ರೆ ನೀವು ನನ್ನ ಕೈಲಿ ಊರೆಲ್ಲಾ ಗುಡಿಸಿಸ್ತೀರಿ."

ಸ್ವಂತ ಊರು

ಆದೇಶ ಬಂತು. ನಾಡಸೇವೆ ಮಂಜೂರು, ನನ್ನ ಕೆಲಸವೂ ಕಾಯಂ. ಅಕ್ಕ ಹೋಳಿಗೆ ಮಾಡಿದಳು. ಎರಡನೇ ಹೋಳಿಗೆ ತಿನ್ನುತ್ತ ಕಾಗದದ ಎರಡನೇ ಪುಟ ತಿರುಗಿಸಿದೆ. ನೇಮಕ: ರಾಯಚೂರು ಜಿಲ್ಲೆ.

ಕೈ ತೊಳೆಯದೆ ಅರಸೀಕೆರೆಗೆ ಓಡಿದೆ. "ಸಾರ್, ಏನೋ ತಪ್ಪಾಗೈತೆ."

ಮೇಷ್ಟ್ರು ನಿಯಮದ ಪುಸ್ತಕ ತೆಗೆದು ಓದಿದರು. "ಸ್ವಂತ ಜಿಲ್ಲೆಯಲ್ಲಿ ಯಾರನ್ನೂ ಹಾಕಬಾರದು. ಯಾರಿಗೂ ವಿನಾಯಿತಿ ಬೇಡ. ಯಾರಿಗೂ ಅಂದ್ರೆ ಯಾರಿಗೂ." ಕನ್ನಡಕದ ಮೇಲಿಂದ ನೋಡಿದರು. "ಇದನ್ನ ಬರೆಸಿದ್ದು ಯಾರು?"

"ಹುಡುಗರಿಗೆ ಅಂತ ಹೇಳಿದ್ದು ಸಾರ್. ನನಗಲ್ಲ."

ಅವರಿಗೂ ಸಂಕಟವಾಗಿತ್ತು. ಒಂದು ಫಾರಂ ನನ್ನ ಮುಂದಿಟ್ಟರು. "ಒಂದು ದಾರಿ ಇದೆ. ಮೂವತ್ತು ವರ್ಷ ನೀನು ಇಲ್ಲಿರಲಿಲ್ಲ. ಸ್ವಂತ ಊರು ಅನ್ನೋ ಕಡೆ ಹುಬ್ಬಳ್ಳಿ ಅಂತ ಬರಿ, ನಾಸಿಕ ಅಂತ ಬರಿ. ಯಾರೂ ಕೇಳಲ್ಲ. ಇಲ್ಲೇ ಇರಬಹುದು."

ಪೆನ್ನು ಹಿಡಿದು ಕೂತೆ. ಹುಬ್ಬಳ್ಳಿ ಅಂತ ಬರೆಯೋಕೆ ಎಷ್ಟು ಹೊತ್ತು? ಬರೆದರೆ ಅಟ್ಟದ ಮಂಚ ನನ್ನದು, ಬೆಳಗಿನ ರೊಟ್ಟಿ ನನ್ನದು, ತೆಂಗಿನ ಕಾಯಿ ನನ್ನದು. ಆದರೆ ಹುಬ್ಬಳ್ಳಿಯಲ್ಲಿ ಲೋಟ ತೊಳೆಯುವಾಗ, ಗೋವಾದಲ್ಲಿ ಬಲೆ ಎಳೆಯುವಾಗ, ಯಾರು ಕೇಳಿದರೂ ನನ್ನ ಬಾಯಿಂದ ಬಂದದ್ದು ಒಂದೇ ಹೆಸರು. ನನ್ನದು ಅಂತ ಇದ್ದದ್ದೂ ಅದೊಂದೇ. ಇಲ್ಲಿ ಇರೋದಕ್ಕೋಸ್ಕರ ಇದು ನನ್ನೂರಲ್ಲ ಅಂತ ಬರೆಯಲೇ?

'ಹಾರನಹಳ್ಳಿ' ಅಂತ ಬರೆದು ಕೊಟ್ಟೆ.

ಮೇಷ್ಟ್ರು ಅದನ್ನು ಬೆರಳಿಟ್ಟು ಓದಿದರು. ಆಮೇಲೆ ಅಭ್ಯಾಸಬಲದಿಂದ ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಒಂದು ಸರಿ ಗುರುತು ಹಾಕಿಬಿಟ್ಟರು. ಫಾರಂ ಹಾಳಾಯಿತು. ಇನ್ನೊಂದು ತುಂಬಬೇಕಾಯಿತು.

ಈಗ ಚೀಲ ಕಟ್ಟುತ್ತಿದ್ದೀನಿ. ಇಷ್ಟು ಸಲ ಕಟ್ಟಿದ್ದೀನಿ, ಹೋಗಲು ಮನಸ್ಸಿಲ್ಲದೆ ಕಟ್ಟುತ್ತಿರೋದು ಇದೇ ಮೊದಲು. ಅಕ್ಕ ಒಂದು ಡಬ್ಬಿ ಚಟ್ನಿಪುಡಿ ತಂದು ಬಟ್ಟೆಗಳ ಮಧ್ಯೆ ತುರುಕಿ, ನಾನು ಮಡಚಿದ್ದನ್ನೆಲ್ಲ ಬಿಚ್ಚಿ ಮತ್ತೆ ಮಡಚುತ್ತಿದ್ದಾಳೆ.

"ಎಲ್ಲಿಗ್ಲಾ?" ಅಂದಳು. ಗೊತ್ತಿದ್ದೂ ಕೇಳಿದಳು.

"ಇಲ್ಲೇ ಅಕ್ಕಾ. ಬತ್ತೀನಿ."

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ನಾನು ಮಾತು ಬದಲಿಸಲು, "ಸಸಿಗೆ ಎರಡು ದಿನಕ್ಕೊಂದು ಸಲ ನೀರು ಹಾಕು" ಅಂದೆ.

"ನಾನ್ಯಾಕ್ಲಾ ಹಾಕ್ಲಿ? ನಂದೂ ಇದೇ ಊರು. ರಾಯಚೂರಿಂದ ಯಾರನ್ನಾದ್ರೂ ಕಳ್ಸು."