ಶಾಕಾಹಾರಿ ಭಾವ ಆರಿಸಿದ ರೈಫಲ್

ಬಂದೂಕಿನ ವಿಷಯದಲ್ಲಿ ನಮ್ಮ ಭಾವನವರಷ್ಟು ತಿಳಿದವರು ಬಹರೈನಿನ ಕನ್ನಡಿಗರಲ್ಲಿ ಇನ್ನೊಬ್ಬರಿರಲಾರರು. ಅವರು ಇದುವರೆಗೆ ಒಂದು ಬಂದೂಕನ್ನೂ ಮುಟ್ಟಿಲ್ಲ, ದೀಪಾವಳಿಯ ಆಟದ ಪಿಸ್ತೂಲಿಗೂ ಕಿವಿ ಮುಚ್ಚಿಕೊಳ್ಳುತ್ತಾರೆ, ಮೊಟ್ಟೆಯನ್ನು ಕೂಡ ಮನೆಯೊಳಗೆ ಸೇರಿಸುವುದಿಲ್ಲ ಎಂಬ ಸಣ್ಣಪುಟ್ಟ ಸಂಗತಿಗಳನ್ನು ಬದಿಗಿಟ್ಟು ಈ ಮಾತನ್ನು ಹೇಳುತ್ತಿದ್ದೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿಯ ಕಡೆಯವರು, ಇಲ್ಲಿನ ಕಂಪೆನಿಯೊಂದರ ಖರೀದಿ ವಿಭಾಗದಲ್ಲಿದ್ದಾರೆ. ಪದವಿ ಮುಗಿಸಿ ಬಂದ ನಾನು ಉಮ್ ಅಲ್ ಹಸ್ಸಮ್‌ನ ಅವರ ಫ್ಲಾಟಿನಲ್ಲಿಯೇ ಇರುವುದರಿಂದ, ಇಲ್ಲಿ ಬರೆಯುವುದೆಲ್ಲ ಕಣ್ಣಾರೆ ಕಂಡದ್ದೆಂದು ಓದುಗರು ನಂಬಬಹುದು. ಇನ್ನೊಬ್ಬರಿಗಾಗಿ ವಸ್ತು ಆರಿಸುವುದು ಅವರ ವ್ಯಸನ. ಒಮ್ಮೆ ಅದ್ಲಿಯಾದ ಸ್ನೇಹಿತರೊಬ್ಬರು ಸೋಫಾ ಆರಿಸಲು ಕರೆದೊಯ್ದರು. ಭಾವ ಅಂಗಡಿಯ ಸೋಫಾಗಳ ಮೇಲೆಲ್ಲ ಒಂದೊಂದಾಗಿ ಕುಳಿತು, ಕೊನೆಗೆ ಒಂದರಲ್ಲಿ ಗೊರಕೆ ಹೊಡೆಯತೊಡಗಿದರು. ಅಂಗಡಿಯವನು ಗಾಬರಿಯಿಂದ ಎಬ್ಬಿಸಿದಾಗ ಕಣ್ಣು ಬಿಡದೆಯೇ, "ಇದೇ ಆಗಬಹುದು" ಎಂದರು.

ಇಂಥ ಸರಳ ಮನುಷ್ಯ ಒಂದೇ ವಿಷಯದಲ್ಲಿ ಕಠಿಣ: ಎಡಗೈ. ಎಡಗೈಯಲ್ಲಿ ಕೊಟ್ಟದ್ದನ್ನು ಅವರು ತೆಗೆದುಕೊಳ್ಳುವುದಿಲ್ಲ. ಅವರ ಮಗಳು ಎಡಚಿ. ಶಾಲೆಯಲ್ಲಿ ಅವಳು ಎಡಗೈಯಲ್ಲಿ ಬರೆಯುವುದನ್ನು ತಡೆಯಲಾಗದೆ ಸುಮ್ಮನಿದ್ದರೂ, ಮನೆಯಲ್ಲಿ ಅವಳು ಚಹಾ ತಂದುಕೊಟ್ಟರೆ ಪತ್ರಿಕೆಯಿಂದ ತಲೆ ಎತ್ತದೆಯೇ "ಬಲಗೈ, ಮಗಾ" ಎನ್ನುತ್ತಾರೆ. ಊಟಕ್ಕೆ ಕುಳಿತಾಗಲೂ ಅದೇ ಮಂತ್ರ. ಹುಡುಗಿ ಕೈ ಬದಲಿಸುತ್ತಾಳೆ, ಅರ್ಧ ಅನ್ನ ನೆಲಕ್ಕೆ ಬೀಳುತ್ತದೆ.

ಹೀಗಿರುವಾಗ ಅವರ ಮ್ಯಾನೇಜರರ ನಿವೃತ್ತಿ ಬಂತು. ನ್ಯೂಜಿಲೆಂಡಿನವರು, ಭಾವನವರ ಬಾಯಲ್ಲಿ ಮಾತ್ರ ಸದಾ 'ನಮ್ಮ ಸಾಹೇಬ್ರು'. ಸಾಹೇಬರ ಮಗಳು, ಊರಿಗೆ ಬಂದ ಕೂಡಲೇ ಜಿಂಕೆ ಬೇಟೆಗೆ ಜೊತೆಯಲ್ಲಿ ಬೆಟ್ಟ ಹತ್ತೋಣ ಎಂದು ಕರೆದಿದ್ದಳಂತೆ. ಅಲ್ಲಿ ಜಿಂಕೆಗಳ ಸಂಖ್ಯೆ ಮಿತಿಮೀರಿ ಅವು ಕಾಡನ್ನೇ ತಿಂದು ಮುಗಿಸುವುದರಿಂದ ಬೇಟೆಗೆ ಅಡ್ಡಿಯಿಲ್ಲ. ಸಾಹೇಬರು ಭಾವನನ್ನು ಕರೆದು ಹೇಳಿದರಂತೆ: "ಅವಳು ಬೆಳೆಯುವಾಗ ನಾನು ಇಲ್ಲಿದ್ದೆ. ನನ್ನನ್ನು ಅವಳಾಗಿ ಕರೆದದ್ದು ಇದೇ ಮೊದಲು. ಅವಳೆದುರು ತಡವರಿಸಬಾರದು. ಮಧ್ಯಮ ಬೆಲೆಯ ಒಂದು ರೈಫಲ್ ನೀನೇ ಆರಿಸಿಕೊಡು."

ಇಂಥ ಮಾತಿಗೆ ಭಾವ ಇಲ್ಲವೆನ್ನುವುದುಂಟೆ?

ಅಂದಿನಿಂದ ನಮ್ಮ ಮನೆಯ ಟಿ.ವಿ.ಯಲ್ಲಿ ಧಾರಾವಾಹಿಗಳು ನಿಂತು ಬಂದೂಕುಗಳು ಬಂದವು. ಆರಿಸಬೇಕಾದದ್ದು ಬೋಲ್ಟ್ ಇರುವ ರೈಫಲ್: ಒಂದು ಗುಂಡು ಹಾರಿಸಿದ ಮೇಲೆ ಪಕ್ಕದ ಹಿಡಿಯನ್ನು ಕೈಯಿಂದಲೇ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಮಾತ್ರ ಇನ್ನೊಂದು ಗುಂಡು ಒಳಸೇರುತ್ತದೆ. "ತೀರ ಅಗ್ಗದ್ದರ ಬೋಲ್ಟು ನಮ್ಮ ಕಿಟಕಿ ಹಾಗೆ, ಮರಳು ಹೊಕ್ಕಿದ್ರೆ ಜಗ್ಗುವುದಿಲ್ಲ. ತೀರ ದುಬಾರಿಯದ್ದು ಗೋಡೆಗೆ ತೂಗು ಹಾಕಲಿಕ್ಕೆ. ನಡುವಿನದ್ದೇ ಸರಿ" ಎಂದು ನನಗೆ ಪಾಠವಾಯಿತು. ಸಾಹೇಬರ ವಯಸ್ಸಿಗೆ ಭಾರ ಕಡಿಮೆಯಿರಬೇಕು. ತೀರ ಹಗುರವಾದರೆ ಗುಂಡು ಹಾರಿದಾಗ ಭುಜಕ್ಕೆ ಒದೆಯುತ್ತದೆ. ಬೆಟ್ಟದ ಮಳೆಗೆ ಮರದ ಹಿಂಬದಿ ಉಬ್ಬೀತು. ನೆಲ ಒರೆಸುವ ಮಾಪಿನ ಕೋಲನ್ನು ಭುಜಕ್ಕಿಟ್ಟು ಭಾವ ಎದುರು ಕಟ್ಟಡದ ಏಸಿಯ ಮೇಲಿನ ಪಾರಿವಾಳಕ್ಕೆ ಗುರಿಯಿಡತೊಡಗಿದರು.

"ಆಚೆಯವರು ನೋಡಿದ್ರೆ ಪೊಲೀಸ್ ಬರ್ತದೆ" ಎಂದಳು ಅಕ್ಕ. "ಅದಿರಲಿ, ಜಿಂಕೆ ಕೊಲ್ಲಲಿಕ್ಕೆ ಸಹಾಯ ಮಾಡ್ತೀರಲ್ಲ, ಪಾಪ ಅಲ್ವಾ?"

"ಕೊಲ್ಲುವುದು ಅವರು. ನಾನು ಆರಿಸುವುದು ಮಾತ್ರ. ಸರಿಯಾದ್ದು ಆರಿಸಿದ್ರೆ ಅದು ಒದ್ದಾಡದೆ ಹೋಗ್ತದೆ."

"ಚಿತ್ರಗುಪ್ತನೂ ಹಾಗೇ ಹೇಳುವುದು, ಕೊಲ್ಲುವುದು ಯಮ ಅಂತ."

ಮುಂದಿನ ಘಟ್ಟ ಅಳತೆಯದು. ರೈಫಲಿನ ಹಿಂಬದಿಯ ಉದ್ದ ಮೊಣಕೈಯಿಂದ ಬೆರಳಿನವರೆಗಿನ ಉದ್ದಕ್ಕೆ ಹೊಂದಬೇಕೆಂದು ಎಲ್ಲೋ ಕೇಳಿ, ಭಾವ ಸಾಹೇಬರನ್ನು ನಮ್ಮ ಬೀದಿಯ ಬಂಟ್ವಾಳದ ಟೈಲರನ ಬಳಿಗೆ ಕರೆದೊಯ್ದರು.

"ಇಷ್ಟೇ ಸಾಕಾ? ಉಳಿದ ಅಂಗಿ ಬೇಡ್ವಾ ಇವರಿಗೆ?" ಎಂದ ಟೈಲರ್, ಟೇಪು ಹಿಡಿದು.

"ಅಂಗಿ ಅಲ್ಲ ಮಾರಾಯ. ಇದು ಜಿಂಕೆಗೆ."

ಟೈಲರ್ ಸ್ವಲ್ಪ ಯೋಚಿಸಿ, "ಜಿಂಕೆಗೆ ಸಣ್ಣದಾಗ್ತದೆ" ಎಂದ.

ಅಂತೂ ಆಯ್ಕೆ ಮುಗಿಯಿತು. ಸಾಹೇಬರ ಮಗಳು ಅದನ್ನೇ ತನ್ನ ಊರಿನ ಅಂಗಡಿಯಲ್ಲಿ ಕಾದಿರಿಸಿದಳು. ಬೀಳ್ಕೊಡುಗೆಯೆಂದು ಅಕ್ಕ ಸಾಹೇಬರನ್ನು ಶುಕ್ರವಾರದ ಊಟಕ್ಕೆ ಕರೆದಳು. ಅವರು ನಮ್ಮ ಮನೆಯಲ್ಲಿ ಎಷ್ಟೋ ಸಲ ಬಾಳೆಲೆಯ ಮುಂದೆ ಕುಳಿತು ಬಲಗೈಯಲ್ಲಿ ಅಚ್ಚುಕಟ್ಟಾಗಿ ಸಾರನ್ನ ಉಂಡವರು. ಅವರ ಆ ಶಿಸ್ತನ್ನು ಭಾವ ತಮ್ಮ ಮಗಳಿಗೆ ಮಾದರಿಯಾಗಿ ತೋರಿಸುತ್ತಿದ್ದರು.

ಎಲೆ ಹಾಕುವ ಮೊದಲು ಭಾವ ಮಾಪಿನ ಕೋಲು ತಂದುಕೊಟ್ಟು, "ಒಮ್ಮೆ ಹಿಡಿದು ನೋಡಿ ಸರ್" ಎಂದರು. ಸಾಹೇಬರು ನಕ್ಕು, ಕೋಲನ್ನು ಎತ್ತಿ ಎಡಭುಜಕ್ಕೆ ಇಟ್ಟುಕೊಂಡರು.

"ಸರ್, ಆ ಕಡೆ."

"ಇಲ್ಲ, ನನಗೆ ಇದೇ ಕಡೆ. ನಾನು ಎಡಗೈಯವನು."

ಭಾವ ಗೋಡೆಗೆ ಒರಗಿದರು. ಎಡಭುಜದಿಂದ ಗುಂಡು ಹಾರಿಸುವವನು ಆರಿಸಿದ ರೈಫಲಿನ ಬಲಬದಿಯ ಬೋಲ್ಟ್ ಎಳೆಯಬೇಕಾದರೆ ಎಡಗೈಯನ್ನು ರೈಫಲಿನ ಮೇಲಿಂದ ಆಚೆಗೆ ಹಾಯಿಸಬೇಕು. ಆ ತಡವರಿಕೆಯಲ್ಲಿ ಜಿಂಕೆ ಬೆಟ್ಟ ದಾಟಿರುತ್ತದೆ, ಮಗಳು ನೋಡುತ್ತಿರುತ್ತಾಳೆ.

"ನನ್ನ ತಂದೆಯ ರೈಫಲಿನಲ್ಲಿ ಹಾಗೇ ಒದ್ದಾಡುತ್ತಿದ್ದೆ. ಎಡಗೈಯವರಿಗೆ ಬೇರೆಯೇ ಮಾಡುತ್ತಾರೆಯೇ?" ಎಂದು ಸಾಹೇಬರು ಕೇಳಿದರು.

"ಆದರೆ ನೀವು ಎಲ್ಲವನ್ನೂ ಬಲಗೈಯಲ್ಲಿ..." ಎಂದರು ಭಾವ.

"ಇಲ್ಲಿಗೆ ಬಂದ ಹೊಸತರಲ್ಲಿ ನಿನಗೆ ಒಂದು ಫೈಲು ಎಡಗೈಯಲ್ಲಿ ಕೊಟ್ಟಿದ್ದೆ. ನೀನು ಅದನ್ನು ಮೇಜಿನ ಮೇಲೆ ಇಡಿ ಎಂದೆ, ಬಹಳ ವಿನಯದಿಂದ. ನಿನಗೆ ಬೇಸರವಾಯಿತೆಂದು ತಿಳಿಯಿತು. ಆಮೇಲೆ ನಿನ್ನೆದುರು ಎಲ್ಲಕ್ಕೂ ಬಲಗೈ ಬಳಸಲು ಕಲಿತುಕೊಂಡೆ."

ಭಾವ ಫೋನು ತೆರೆದರು. ಅದೇ ರೈಫಲ್, ಬೋಲ್ಟ್ ಎಡಬದಿಗೆ ಇರುವುದು ಸಿಗುತ್ತಿತ್ತು; ತರಿಸಲು ತಡವಾಗುತ್ತಿತ್ತು. ಸಾಹೇಬರು ಅಲ್ಲಿಂದಲೇ ಮಗಳಿಗೆ ಕರೆ ಮಾಡಿ, ಸ್ವಲ್ಪ ಹೊತ್ತು ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿದರು. "ಕಾಯುತ್ತಾಳಂತೆ" ಎಂದರು.

ಎಲೆ ಹಾಕಿದರು. ಸಾಹೇಬರ ಬಲಗೈ ಅಭ್ಯಾಸದಿಂದ ಅನ್ನದತ್ತ ಹೋಯಿತು. ಎದುರು ಕುಳಿತ ಹುಡುಗಿ ಅವರನ್ನೇ ನೋಡುತ್ತ, ತನ್ನ ಎಡಗೈಯನ್ನು ಅರ್ಧಕ್ಕೆ ಎತ್ತಿ, ಅಪ್ಪನ ಮುಖ ನೋಡಿ ನಿಲ್ಲಿಸಿದಳು.

ಭಾವ ಅವಳ ಎಲೆಯ ಎಡಕ್ಕಿದ್ದ ನೀರಿನ ಲೋಟವನ್ನು ಎತ್ತಿ, ಆ ಎಡಗೈಗೆ ಜಾಗ ಬಿಟ್ಟು, ಬಲಕ್ಕೆ ಇಟ್ಟರು.

"ಉಣ್ಣು ಮಗಾ" ಎಂದರು. "ಸಾರು ತಣಿತದೆ."