ಅಳಿಯನ ಹೆಗಲೇರಿದ ಶ್ಟೊಲೆನ್

ಎಲ್ಲಕ್ಕೂ ಕಾರಣ ಹುಲ್ಡಾಳ ಎಡಮಂಡಿ. ಆ ಶನಿವಾರ ಬೆಳಿಗ್ಗೆ ಅದು ಹಿಡಿದುಕೊಳ್ಳದೆ ಹೋಗಿದ್ದರೆ, ನಲವತ್ತೆರಡು ವರ್ಷಗಳಿಂದ ಮಾಡಿಕೊಂಡು ಬಂದಂತೆ ಅವಳೇ ಬೇಕರಿಗೆ ಹೋಗಿ ಮನೆಯ ಶ್ಟೊಲೆನ್ ಹೊತ್ತು ತರುತ್ತಿದ್ದಳು. ಅವಳ ಅಳಿಯ ಗೆರೋಲ್ಡ್ ಊಲಿಗ್ ಒಲೆಯ ಪಕ್ಕ ಕೂತು ಕಾಫಿ ಕುಡಿಯುತ್ತ ಇರುತ್ತಿದ್ದ.

ನವೆಂಬರ್ ಕೊನೆಗೆ ಆ ಬೆಟ್ಟದೂರಿನ ಪ್ರತಿ ಮನೆಯವರೂ ಬೆಣ್ಣೆ, ಬಾದಾಮಿ, ಪಶ್ಚಿಮ ಜರ್ಮನಿಯ ನೆಂಟರು ಪಾರ್ಸೆಲ್‌ನಲ್ಲಿ ಕಳಿಸಿದ ಒಣದ್ರಾಕ್ಷಿ ಎಲ್ಲವನ್ನೂ ಬೇಕರಿಯ ರೈಷೆಲ್ ಬಳಿಗೆ ಒಯ್ದು ಹಬ್ಬದ ಶ್ಟೊಲೆನ್ ಬೇಯಿಸಿಕೊಳ್ಳುತ್ತಿದ್ದರು. ಮೊಣಕೈಯುದ್ದದ ಆ ಸಿಹಿರೊಟ್ಟಿಗೆ ಮನೆಯ ಹೆಸರು ಕೊರೆದ ತಗಡಿನ ಬಿಲ್ಲೆ ಚುಚ್ಚಬೇಕು. ನೆರೆಯವಳ ಎರಡು ದ್ರಾಕ್ಷಿ ತಮ್ಮ ಹೊಟ್ಟೆಗೆ ಬಂದರೆ ಅದು ಅದೃಷ್ಟ, ತಮ್ಮದು ನೆರೆಯವಳ ಹೊಟ್ಟೆಗೆ ಹೋದರೆ ಅದು ಕಳ್ಳತನ. ಬಿಲ್ಲೆ ಇರುವುದು ಅದಕ್ಕೇ. ದೇವರಿದ್ದಾನೋ ಇಲ್ಲವೋ ಎಂದು ಅನುಮಾನಿಸುವವರೂ ಆ ಊರಿನಲ್ಲಿದ್ದರು. ಆದರೆ ಮನೆಗೆ ತರುವ ದಾರಿಯಲ್ಲಿ ಶ್ಟೊಲೆನ್ ಮುರಿದರೆ ಬರುವ ವರ್ಷ ಆ ಮನೆಯಲ್ಲೊಂದು ಸಾವು ಖಂಡಿತ ಎನ್ನುವುದರಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ.

ಮೂರು ವರ್ಷದ ಹಿಂದೆ ಹುಲ್ಡಾಳ ಶ್ಟೊಲೆನ್‌ನ ಒಂದು ತುದಿ ಬಿರುಕು ಬಿಟ್ಟಿತ್ತು, ಅಷ್ಟೆ. ಅವಳು ಅವತ್ತೇ ಹಾಸಿಗೆ ಹಿಡಿದಳು. ಕಾಯಿಲೆ ಏನೂ ಇರಲಿಲ್ಲ, ಹಸಿವಂತೂ ಮೊದಲಿಗಿಂತ ಜೋರಾಗಿತ್ತು. ದಿನಾ ಸಂಜೆ ತನ್ನ ಶವದ ಮುಂದೆ ಹಾಡಬೇಕಾದ ಹಾಡುಗಳನ್ನು ಗೆರೋಲ್ಡ್‌ನಿಂದ ಹಾಡಿಸುತ್ತಿದ್ದಳು, ಶ್ರುತಿ ತಪ್ಪಿದಲ್ಲೆಲ್ಲ ಉಗಿಯುತ್ತಿದ್ದಳು. ಜೂನ್ ತಿಂಗಳಲ್ಲಿ ಮಲಗಿ ಮಲಗಿ ಬೇಸರ ಬಂದು ಎದ್ದಳು. ಸಾಯುತ್ತೇನೆಂದು ಏಳು ತಿಂಗಳು ಸೇವೆ ಮಾಡಿಸಿಕೊಂಡದ್ದಕ್ಕೆ ಅವಳಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ.

ಅಂಥ ಅತ್ತೆ ಹನ್ನೊಂದು ವರ್ಷ ಅಳಿಯನ ಮನೆಯಲ್ಲಿದ್ದು ಕಡೆಗೂ ಕಿರಿಮಗಳ ಮನೆಗೆ, ಝ್ವಿಕಾವ್‌ಗೆ, ಹೊರಟಿದ್ದಳು. ಅದೂ ಖಾಯಮ್ಮಾಗಿ. ನಾಳೆ ಬೆಳಿಗ್ಗೆ ಎಂಟೂ ಹತ್ತರ ರೈಲು. ಗೆರೋಲ್ಡ್ ಒಂದು ವಾರದಿಂದ ಸರಿಯಾಗಿ ಉಸಿರಾಡಲೂ ಹೆದರುತ್ತಿದ್ದ, ಎಲ್ಲಿ ಅವಳು ಮನಸ್ಸು ಬದಲಿಸುತ್ತಾಳೋ ಎಂದು.

"ನೆಟ್ಟಗೆ ಕೇಳಿಸ್ಕೋ," ಎಂದಳು ಹುಲ್ಡಾ, ಮಂಡಿಗೆ ಎಣ್ಣೆ ತಿಕ್ಕುತ್ತ. "ಹಲಗೆ ಸಮೇತ ಹೆಗಲ ಮೇಲಿಟ್ಕೊಂಡು ಬಾ. ದಾರೀಲಿ ಯಾರ ಜೊತೆಗೂ ಹರಟೆ ಹೊಡೀಬೇಡ. ಅದೇನಾದ್ರೂ ಮುರೀತೋ, ನಾನು ಝ್ವಿಕಾವ್‌ಗೆ ಹೋಗೋದಿಲ್ಲ. ಸಾಯೋ ವರ್ಷ ಊರು ಬಿಟ್ಟು ಹೋಗೋರು ಯಾರು? ಸತ್ರೆ ನನ್ನ ಹಾಸಿಗೇಲೇ ಸಾಯ್ತೀನಿ."

ಅವಳ ಹಾಸಿಗೆ ಎಂದರೆ ಗೆರೋಲ್ಡ್‌ನ ಮನೆಯಲ್ಲಿ ಒಲೆಯ ಶಾಖ ಚೆನ್ನಾಗಿ ಬರುವ ಒಂದೇ ಒಂದು ಕೋಣೆಯ ಹಾಸಿಗೆ.

ಬೇಕರಿಯಲ್ಲಿ ಹೆಂಗಸರ ಸಾಲು ನಿಂತಿತ್ತು. ಗೆರೋಲ್ಡ್‌ನನ್ನು ಕಂಡದ್ದೇ ಎಲ್ಲರ ಬಾಯಿಗೂ ಕೆಲಸ ಸಿಕ್ಕಿತು. "ಏನ್ರೀ, ಅತ್ತೆ ಪ್ರಾಣಾನ ಇವತ್ತು ಅಳಿಯನ ಕೈಗೇ ಕೊಟ್ಟುಬಿಟ್ಟಿದ್ದಾರಲ್ಲ!" ಎಂದಳು ಒಬ್ಬಳು. "ಪಾಪ, ಇನ್ಯಾರೂ ಸಿಕ್ಕಿರ್ಲಿಕ್ಕಿಲ್ಲ," ಎಂದಳು ಇನ್ನೊಬ್ಬಳು. ಮರದ ಆಟಿಕೆ ಕಾರ್ಖಾನೆಯಲ್ಲಿ ಕುದುರೆಗಳಿಗೆ ಕಿವಿ ಅಂಟಿಸುವ ಗೆರೋಲ್ಡ್ ಯಾರಿಗೂ ಎದುರುತ್ತರ ಕೊಟ್ಟ ಗಂಡಸಲ್ಲ. ಹಲ್ಲು ಕಿರಿದು, ಹಲಗೆಯನ್ನು ಹೆಗಲ ಮೇಲಿಟ್ಟುಕೊಂಡು ಹೊರಗೆ ಬಂದ.

ಚರ್ಚಿನ ಇಳಿಜಾರಿನಲ್ಲಿ ಮಂಜು ಗಾಜಿನ ಹಾಗೆ ಗಟ್ಟಿಯಾಗಿತ್ತು. ಎದುರಿನ ಕಿಟಕಿಯಲ್ಲಿ ಓಪಿಟ್ಸ್ ಕೂತಿದ್ದ. ರೈಲ್ವೆಯಲ್ಲಿ ಮೂವತ್ತು ವರ್ಷ ಬಾವುಟ ಬೀಸಿ ನಿವೃತ್ತನಾದ ಮೇಲೂ ಊರೆಲ್ಲ ತನ್ನ ಸಿಗ್ನಲ್ಲಿಗೆ ಓಡಾಡಬೇಕೆಂದು ತಿಳಿದಿದ್ದ ಮುದುಕ.

"ಎಡಕ್ಕೆ ಬಾ, ಎಡಕ್ಕೆ!" ಎಂದು ಕೂಗಿದ.

ಗೆರೋಲ್ಡ್ ಎಡಕ್ಕೆ ಸರಿದ.

"ಅಯ್ಯೋ, ನಿನ್ನ ಎಡಕ್ಕಲ್ಲಯ್ಯಾ, ನನ್ನ ಎಡಕ್ಕೆ! ನಿಲ್ಲು! ನಿಂತ್ರೆ ಜಾರ್ತೀಯ, ನಡಿ!"

ಒಂದು ಕಾಲು ನಿಂತಿತು, ಇನ್ನೊಂದು ನಡೆಯಿತು. ಗೆರೋಲ್ಡ್ ಅಂಗಾತ ಬಿದ್ದ. ಹಲಗೆ ಎದೆಯ ಮೇಲೆ ಬಿತ್ತು, ಬಟ್ಟೆ ಸುತ್ತಿದ ಶ್ಟೊಲೆನ್ ಚರ್ಚಿನ ಮೆಟ್ಟಿಲ ಮೇಲೆ ಬಿತ್ತು, ಒಳಗಿಂದ ಮೆತ್ತನೆಯ ಸದ್ದೊಂದು ಬಂತು.

"ಮುರೀತಾ?" ಓಪಿಟ್ಸ್ ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದ.

"ಇಲ್ಲ ಇಲ್ಲ, ಬೆನ್ನು ಸ್ವಲ್ಪ ಉಳುಕಿದೆ."

"ನಿನ್ನ ಬೆನ್ನು ಯಾರಿಗೆ ಬೇಕಯ್ಯಾ? ಶ್ಟೊಲೆನ್ ಮುರೀತಾ?"

ಗೆರೋಲ್ಡ್ ಗೋಡೆಯ ಮರೆಗೆ ಹೋಗಿ ಬಟ್ಟೆ ಬಿಚ್ಚಿದ. ಸರಿಯಾಗಿ ನಡುವೆ, ಎರಡು ತುಂಡು. ಎಂಟೂ ಹತ್ತರ ರೈಲು ಅತ್ತೆಯಿಲ್ಲದೆ ಹೊರಟುಹೋಗುವುದು ಅವನ ಕಣ್ಣಿಗೆ ಕಟ್ಟಿತು. ಮೊದಲು ಅವನಿಗೆ ಹೊಳೆದದ್ದು ಕಾರ್ಖಾನೆಯ ಅಂಟು. ಆ ತಲೆಗೆ ಅದಕ್ಕಿಂತ ದೊಡ್ಡದೇನೂ ಹೊಳೆಯುವುದು ಸಾಧ್ಯವಿರಲಿಲ್ಲ. ಆದರೆ ಹೆದರಿಕೆ ಎಂಥ ದಡ್ಡನನ್ನೂ ಸ್ವಲ್ಪ ಹೊತ್ತು ಬುದ್ಧಿವಂತನನ್ನಾಗಿ ಮಾಡುತ್ತದೆ. ಬೇಕರಿಯ ಕಪಾಟಿನಲ್ಲಿ ತಮ್ಮದರ ಪಕ್ಕದಲ್ಲೇ ಇದ್ದ ಇನ್ನೊಂದು ಶ್ಟೊಲೆನ್ ಅವನಿಗೆ ನೆನಪಾಯಿತು. ಅದು ಪಕ್ಕದ ಮನೆಯ ವಿಧವೆ ಮೆಟಾಳದು. ಹುಲ್ಡಾ ಮತ್ತು ಮೆಟಾ ಐವತ್ತು ವರ್ಷದ ಗೆಳತಿಯರು. ಒಬ್ಬಳ ಶ್ಟೊಲೆನ್ ಇನ್ನೊಬ್ಬಳದಕ್ಕಿಂತ ಬೆರಳಗಲ ದೊಡ್ಡದಾದರೂ ಇಬ್ಬರಿಗೂ ನಿದ್ದೆ ಬರುತ್ತಿರಲಿಲ್ಲ, ಹಾಗಾಗಿ ಅಳತೆ ಎರಡಕ್ಕೂ ಒಂದೇ.

ಅವನು ವಾಪಸು ಹೋಗುವಷ್ಟರಲ್ಲಿ ಊಟದ ಹೊತ್ತಾಗಿ ಬೇಕರಿ ಖಾಲಿಯಾಗಿತ್ತು.

"ಮತ್ತೇನಯ್ಯಾ?" ಎಂದ ರೈಷೆಲ್.

"ಅತ್ತೆ ಒಂದು ಕರೀ ರೊಟ್ಟಿ ಹೇಳಿದ್ರು, ಮರೆತುಬಿಟ್ಟೆ."

"ನಿನ್ನ ತಲೆ ಭುಜದ ಮೇಲೆ ಕೂತಿರೋದಕ್ಕೆ ಸರಿಹೋಯ್ತು, ಇಲ್ದಿದ್ರೆ ಅದನ್ನೂ ಮರೀತಿದ್ದೆ," ಎಂದು ರೈಷೆಲ್ ಒಳಗೆ ಹೋದ. ಗೆರೋಲ್ಡ್ ಎರಡೂ ಶ್ಟೊಲೆನ್‌ಗಳ ಬಿಲ್ಲೆ ಕಿತ್ತು ಅದಲುಬದಲು ಮಾಡಿ ಚುಚ್ಚಿದ. ಮುರಿದ ಎರಡು ತುಂಡುಗಳನ್ನು ಕಪಾಟಿನಲ್ಲಿ ಒತ್ತಾಗಿ ಕೂಡಿಸಿಟ್ಟ. ಗೀಟು ಕೂಡ ಕಾಣಲಿಲ್ಲ. ಕುದುರೆಗೆ ಕಿವಿ ಅಂಟಿಸುವ ಕೈ ಅದು, ಜನ್ಮದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂದಿತ್ತು. ಒಂಟಿ ವಿಧವೆಯ ತಲೆಗೆ ಸಾವು ಕಟ್ಟುತ್ತಿದ್ದೇನೆ ಎಂದು ಅವನಿಗೆ ಅನಿಸಿತೋ ಎಂದರೆ, ಅನಿಸಿತು. ಅನಿಸಿದ ಮೇಲೂ ಕಟ್ಟಿದ.

ಮನೆಯಲ್ಲಿ ಹುಲ್ಡಾ ಶ್ಟೊಲೆನ್ ಅನ್ನು ತಟ್ಟಿದಳು, ಮೂಸಿದಳು, ತಿರುಗಿಸಿ ಹೊಟ್ಟೆ ನೋಡಿದಳು. ಅದೇ ಅಳತೆ, ಅದೇ ಬಣ್ಣ. "ಪರವಾಗಿಲ್ವೇ, ಹನ್ನೊಂದು ವರ್ಷದಲ್ಲಿ ಒಂದು ಕೆಲಸ ನೆಟ್ಟಗೆ ಮಾಡಿದ್ದೀಯ," ಎಂದು ಬಿಸಿ ಬೆಣ್ಣೆ ಸವರಿ, ಸಕ್ಕರೆ ಪುಡಿ ಉದುರಿಸಿ, ಮಗಳು ರೋಸ್ವಿತಾಳನ್ನು ಕರೆದು ಪ್ರಯಾಣದ ಪೆಟ್ಟಿಗೆಗೆ ಹಗ್ಗ ಬಿಗಿಸಿದಳು. ಗೆರೋಲ್ಡ್‌ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಗಡಿಯಾರ ನೋಡಿದ. ರೈಲಿಗೆ ಇನ್ನು ಹದಿನೇಳು ಗಂಟೆ ಮಾತ್ರ.

ನಾಲ್ಕು ಗಂಟೆಗೆ ಮೆಟಾ ಬಂದಳು. ಏಪ್ರನ್ನಿನ ಮಡಿಲಲ್ಲಿ ಎರಡು ತುಂಡು ಹಿಡಿದುಕೊಂಡು, ಹೊಸ್ತಿಲಲ್ಲೇ ಕುಸಿದು ಕೂತಳು.

"ಎತ್ತಿದ್ದೇ ತಡ, ಎರಡಾಯ್ತು ಕಣೇ ಹುಲ್ಡಾ! ಎಲ್ರ ಕಣ್ಣೆದುರಿಗೇ! ನಮ್ಮನೇಲಿ ಇರೋಳು ನಾನೊಬ್ಳೇ. ಯಾರು ಹೋಗ್ತಾರೆ ಅಂತ ಯೋಚ್ನೆ ಮಾಡೋದೇ ಬೇಡ!"

ಹುಲ್ಡಾ ಗೆಳತಿಯನ್ನು ಅಪ್ಪಿಕೊಂಡು ಅತ್ತಳು. ಅಳುವುದೆಂದರೆ ಅವಳಿಗೂ ಹಬ್ಬದಡುಗೆಯಷ್ಟೇ ಇಷ್ಟ. ಅತ್ತು ಮುಗಿಸಿ ಮೂಗು ಒರೆಸಿಕೊಂಡು ಎದ್ದಳು.

"ಹಗ್ಗ ಬಿಚ್ಚು ರೋಸ್ವಿತಾ. ನಾನು ಎಲ್ಲೂ ಹೋಗಲ್ಲ. ಇವಳು ಸಾಯೋ ವರ್ಷ ಇವಳನ್ನ ಬಿಟ್ಟು ಹೋಗ್ತೀನಾ? ಒಬ್ಳೇ ಆ ಮನೇಲಿ ಇರೋದೂ ಬೇಡ. ಗೆರೋಲ್ಡ್, ಹಿಂದಿನ ಕೋಣೆ ಖಾಲಿ ಮಾಡು. ನೀನು ಅಟ್ಟದ ಮೇಲೆ ಮಲಗಬಹುದು."

ಗೆರೋಲ್ಡ್ ಮನಸ್ಸಿನಲ್ಲೇ ಕೂಡಿ ಕಳೆದು ನೋಡಿದ. ಹೇಳದಿದ್ದರೆ ಇಬ್ಬರು ಮುದುಕಿಯರು. ಹೇಳಿದರೆ ಸಾಯುವ ಸರದಿ ಹುಲ್ಡಾಳದಾಗುತ್ತದೆ, ಮೆಟಾ ನಗುತ್ತ ತನ್ನ ಮನೆಗೆ ಹೋಗುತ್ತಾಳೆ. ಎರಡಕ್ಕಿಂತ ಒಂದು ವಾಸಿ. ಬಾಳಿನಲ್ಲಿ ಅವನು ತೋರಿಸಿದ ಧೈರ್ಯ ಅಷ್ಟೇ, ಅದೂ ಲೆಕ್ಕಾಚಾರದ್ದು.

"ಅತ್ತೆ, ಆ ಮುರಿದಿರೋದು ನಮ್ದು. ನಾನು ಬದಲಾಯ್ಸಿದೆ."

ಮೆಟಾಳ ಕಣ್ಣೀರು ನಲ್ಲಿ ತಿರುಗಿಸಿದಂತೆ ನಿಂತಿತು. ಹುಲ್ಡಾ ಮುರಿದ ತುಂಡುಗಳನ್ನು ನೋಡಿದಳು, ಅಳಿಯನನ್ನು ನೋಡಿದಳು. ಅವನು ಬೈಗುಳಕ್ಕೆ ಕಣ್ಣು ಮುಚ್ಚಿಕೊಂಡು ನಿಂತ. ಬೈಗುಳ ಬರಲಿಲ್ಲ.

"ಯಾರ ಕೈಯಲ್ಲಿ ಮುರೀತು?" ಎಂದು ಹುಲ್ಡಾ ನಿಧಾನವಾಗಿ ಕೇಳಿದಳು.

"ನನ್ನ ಕೈಯಲ್ಲೇ. ಚರ್ಚಿನ ಇಳಿಜಾರಲ್ಲಿ."

ಇಬ್ಬರು ಮುದುಕಿಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮನೇಲಿ ಯಾರೋ ಒಬ್ರು ಅನ್ನೋದು ಸುಮ್ನೆ ಬಾಯಿಮಾತು," ಎಂದಳು ಹುಲ್ಡಾ. "ಯಾರ ಕೈಯಲ್ಲಿ ಮುರಿಯುತ್ತೋ ಅವರಿಗೇ ಸಾವು. ನಮ್ಮಮ್ಮ ಹಾಗೇ ಹೇಳ್ತಿದ್ಲು."

"ನಮ್ಮಮ್ಮನೂ ಹಾಗೇ ಹೇಳ್ತಿದ್ಲು," ಎಂದಳು, ಎರಡು ವರ್ಷದ ಕೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡಿದ್ದ ಮೆಟಾ.

ಹೆಂಡತಿ ಏನಾದರೂ ಹೇಳುತ್ತಾಳೇನೋ ಎಂದು ಗೆರೋಲ್ಡ್ ಆಸೆಯಿಂದ ಅತ್ತ ತಿರುಗಿದ. ರೋಸ್ವಿತಾ ಅವನನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದ್ರೆ ಹೊಸ ಕೋಟು ಹೊಲಿಸೋದು ಬೇಡ," ಎಂದಳು.

"ಸದ್ಯ, ನಾಳೆ ನಾನು ಹೊರಟುಬಿಡ್ತಿದ್ನಲ್ಲ!" ಹುಲ್ಡಾ ಎದೆ ಮೇಲೆ ಕೈಯಿಟ್ಟುಕೊಂಡಳು. "ಮಗಳು ವಿಧವೆಯಾಗೋ ವರ್ಷ ಅವಳನ್ನ ಬಿಟ್ಟು ಝ್ವಿಕಾವ್‌ಗೆ ಹೋದ್ರೆ ಜನ ಏನಂತಾರೆ?"

"ನಾನೂ ಇಲ್ಲೇ ಬಂದಿರ್ತೀನಿ ಕಣೇ," ಎಂದಳು ಮೆಟಾ, ಕುರ್ಚಿ ಎಳೆದುಕೊಳ್ಳುತ್ತ. "ಮಣ್ಣು ಮಾಡಿದ ದಿನ ಕಾಫಿಗೆ ಊರೆಲ್ಲ ಬರುತ್ತೆ. ಇಬ್ಬರ ಕೈಯಲ್ಲಿ ಆಗುತ್ತಾ?"

ಕ್ರಿಸ್‌ಮಸ್ ಹಿಂದಿನ ಸಂಜೆಯವರೆಗೆ ಶ್ಟೊಲೆನ್‌ಗೆ ಚಾಕು ತಾಗಿಸುವುದು ಆ ಮನೆಯಲ್ಲಿ ಮಹಾಪಾಪವಾಗಿತ್ತು. ಹುಲ್ಡಾ ಚಾಕು ತೆಗೆದುಕೊಂಡಳು. ಮುರಿದ ತುಂಡಿನಿಂದ ದ್ರಾಕ್ಷಿ ಹೆಚ್ಚಿದ್ದ ಕಡೆಯೇ ದಪ್ಪನೆಯ ಹೋಳೊಂದನ್ನು ಕೊಯ್ದು, ತಟ್ಟೆಯಲ್ಲಿಟ್ಟು ಅಳಿಯನ ಮುಂದೆ ಸರಿಸಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ತಲೆ ಸವರಿದಳು.

"ತಿನ್ನಪ್ಪ. ಹೆದರ್ಕೋಬೇಡ. ಕೊನೇವರೆಗೂ ನಾನಿಲ್ಲೇ ಇರ್ತೀನಿ."