ಮಗ್ಗದ ಮನೆಗೆ ಪಿಂಚಣಿ ಬಂದದ್ದು

ದಿಲ್ಲಿಯಲ್ಲಿ ದೊಡ್ಡವರು ಕೂತು ಬಹಳ ಗಂಭೀರವಾಗಿ ಒಂದು ಕಾನೂನು ಮಾಡುತ್ತಾರೆ. ಅದು ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ನಗೆಪಾಟಲಾಗಿರುತ್ತದೆ. ನಾನು ವಿದ್ಯುತ್ ಮಗ್ಗದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿಗೆ ಬಂದ ಫಾರಂಗಳನ್ನೆಲ್ಲ ತುಂಬಿಸುವ ಕರ್ಮ ನನ್ನದು.

೧. ಗೋಡೆ

ಇದು ಅರವತ್ತರ ದಶಕದ ಮಾತು. ಇಪ್ಪತ್ತು ಜನ ಕೆಲಸಗಾರರಿದ್ದರೆ ಧಣಿಯೂ ಅವರ ಪಿ.ಎಫ್.ಗೆ ತನ್ನ ಪಾಲು ಕಟ್ಟಲೇಬೇಕು. ನಮ್ಮಲ್ಲಿ ಮೂವತ್ತು ಜನ. ನಮ್ಮ ಸಾಹುಕಾರರು ಯೋಚನೆ ಮಾಡಿ ಶೆಡ್ಡಿನ ನಡುವೆ ಒಂದು ಗೋಡೆ ಎಬ್ಬಿಸಿದರು. ಈ ಕಡೆ ಹದಿನೈದು ಜನ, ಅವರ ಕಾರ್ಖಾನೆ. ಆ ಕಡೆ ಹದಿನೈದು, ಅವರ ಹೆಂಡತಿಯದು.

ಇನ್ಸ್‌ಪೆಕ್ಟರು ಬಂದು ಎರಡೂ ಕಡೆ ಓಡಾಡಿ, "ಅಮ್ಮಾವ್ರ ಕಾರ್ಖಾನೆ ಒಂದನ್ನ ನಿಲ್ಸಿ ತೋರ್ಸಿ ನೋಡಣ" ಅಂದರು.

ನಿಲ್ಲಿಸಿದರು. ಎರಡೂ ನಿಂತವು. ಇದ್ದದ್ದು ಒಂದೇ ಮೋಟಾರು. ಮಗ್ಗಗಳನ್ನು ಓಡಿಸುವ ಉದ್ದನೆಯ ಕಬ್ಬಿಣದ ದಂಡ ಗೋಡೆಯ ತೂತಿನಲ್ಲಿ ತೂರಿಕೊಂಡು ಆಚೆ ಹೋಗಿತ್ತು.

ಸಾಹುಕಾರರು ಬೆವರು ಒರೆಸಿಕೊಂಡರು. "ಗಂಡ ಹೆಂಡ್ತಿ ಅಂದ್ಮೇಲೆ ಹಿಂಗೇ ಅಲ್ವಾ ಸ್ವಾಮಿ? ಅವಳು ನಿಂತ್ಮೇಲೆ ನಾನು ಹೆಂಗೆ ಓಡ್ಲಿ?"

೨. ಕಡೇ ಚೀಟಿ

ಗೋಡೆ ಬಿತ್ತು, ಎಲ್ಲರಿಗೂ ಪಿ.ಎಫ್. ಆಯಿತು. ಎಪ್ಪತ್ತರ ದಶಕದ ಶುರುವಿನಲ್ಲಿ ಅದರ ಬೆನ್ನಿಗೇ ಕುಟುಂಬ ಪಿಂಚಣಿ ಬಂತು. ಬೇಕಾದವರು ಗಡುವಿನೊಳಗೆ ಸೈನ್ ಹಾಕಿ ಸೇರಬೇಕು. ಊಟದ ಬಿಡುವಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು, ನಿಮ್ಮದೊಂದು ಪಾಲು, ಧಣಿಯದೊಂದು, ಸರ್ಕಾರದ್ದೊಂದು, ಎಲ್ಲ ಒಂದೇ ನಿಧಿಗೆ ಹೋಗುತ್ತೆ ಎಂದು ವಿವರಿಸಿದೆ.

ಎಲ್ಲರಿಗಿಂತ ಹಿರಿಯ ನೇಕಾರ ತಲೆಯಾಡಿಸಿದ. "ಗೊತ್ತಾಯ್ತು ಬುಡಿ, ಚೀಟಿ. ಕೂಗೋದು ಯಾವತ್ತು?"

"ಕೂಗೋದಿಲ್ಲ ಕಣಪ್ಪ."

"ಮತ್ತೆ ಎತ್ತೋದು ಹೆಂಗೆ?"

"ಕೆಲಸದಲ್ಲಿರುವಾಗಲೇ ಯಾರಾದ್ರೂ ತೀರಿಕೊಂಡ್ರೆ, ಅವರ ಹೆಂಡತಿಗೆ ತಿಂಗಳು ತಿಂಗಳು ಬರುತ್ತೆ."

ಅವನು ಕೈ ಮುಗಿದು ಹೇಳಿದ: "ಮೊದಲ್ನೇ ಚೀಟಿ ಯಾರಾದ್ರೂ ತಗೊಳ್ಳಿ ಸ್ವಾಮಿ. ಕಡೇದು ನಂಗಿರ್ಲಿ."

೩. ಮೊದಲ ತುತ್ತು

ಬೇರೆ ನೇಕಾರರೆಲ್ಲ ಸೈನ್ ಹಾಕಿದರು. ಆ ಹಿರಿಯ ಮಾತ್ರ ಜಪ್ಪಯ್ಯ ಅನ್ನಲಿಲ್ಲ. "ನನ್ನ ಸಾವು ಬರ್ದಿರೋ ಕಾಗದಕ್ಕೆ ನಾನೇ ಸೈನ್ ಹಾಕ್ಲಾ?" ಗಡುವಿಗೆ ನಾಲ್ಕೇ ದಿನ ಉಳಿದಿತ್ತು. ಆಮೇಲೆ ಅವನಿಗೇನಾದರೂ ಆದರೆ ಅವನ ಹೆಂಡತಿಗೆ ಪಿಂಚಣಿ ಇಲ್ಲ. ಮಕ್ಕಳೂ ಇರಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು.

ಬುತ್ತಿ ತಂದ ಆಕೆಗೇ ವಿಷಯ ಹೇಳಿದೆ.

"ಎಲ್ಲೀವರ್ಗೂ ಕೊಡ್ತಾರೆ?" ಅಂದಳು.

"ನೀವಿರೋವರೆಗೂ ತಾಯಿ. ಆದರೆ ಇನ್ನೊಂದು ಮದುವೆ ಆದ್ರೆ ನಿಂತುಹೋಗುತ್ತೆ."

ಆಕೆ ಗಂಡನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. "ಒಂದ್ಸಲ ಆಗಿರೋದೇ ಸಾಕಾಗೈತೆ, ಬರ್ಕೊಳ್ಳಿ."

ಶೆಡ್ಡಿಗೆ ಶೆಡ್ಡೇ ನಕ್ಕಿತು. ಆ ನಗುವಿಗೆ ಹೆದರಿಯೋ ಏನೋ, ಅವನು ಸೈನ್ ಹಾಕಿಬಿಟ್ಟ.

ಮಾರನೇ ದಿನ ಬುತ್ತಿ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದ. ಮುದ್ದೆ ಮುರಿದು, ಅವರೆಕಾಳಿನ ಸಾರಿನಲ್ಲಿ ಅದ್ದಿ ನನ್ನ ಮುಂದೆ ಹಿಡಿದ. "ಮೊದಲ ತುತ್ತು ನೀವೇ ತಿನ್ನಿ ಗುಮಾಸ್ತ್ರೇ. ನಾನ್ ಸತ್ರೆ ಅವಳಿಗೆ ದುಡ್ಡು ಅಂತ ಸೈನ್ ಹಾಕಿಸ್ದೋರು ನೀವೇ ತಾನೆ?"

ಏನು ರುಚಿ ಅಂತೀರಿ! ಅದರ ಮರುದಿನವೂ ಜೊಲ್ಲು ಸುರಿಸಿಕೊಂಡು ಕಾದೆ. ಅಷ್ಟರಲ್ಲಿ ಅವನು ನನಗೆ ಮೊದಲು ತಿನ್ನಿಸಿ ನೋಡಿದ ಸುದ್ದಿ ಆಕೆಯ ಕಿವಿಗೆ ಬಿದ್ದಿತ್ತು. ಬುತ್ತಿಯಲ್ಲಿ ಒಂದು ಮುದ್ದೆ ಜಾಸ್ತಿ ಇತ್ತು, ಜೊತೆಗೆ ಅವನ ಬಾಯಲ್ಲಿ ಆಕೆಯ ಒಂದು ಮಾತೂ ಬಂದಿತ್ತು.

"ಇದು ನಿಮ್ಗಂತೆ. ಆದ್ರೆ ಗುಮಾಸ್ತ್ರು ಅವ್ರ ಫಾರಂಗೆ ಸೈನ್ ಹಾಕವ್ರಾ ಕೇಳಿ ಆಮೇಲೆ ಬಡ್ಸು ಅಂದವ್ಳೆ. ಅವ್ರಿಗೂ ಮನೇಲಿ ಹೆಂಡ್ತಿ ಅವ್ರಲ್ವಾ ಅಂದ್ಲು."

ಶೆಡ್ಡೆಲ್ಲ ನನ್ನ ಕಡೆಗೇ ನೋಡುತ್ತಿತ್ತು. ನನ್ನ ಫಾರಂ ಹದಿನೈದು ದಿನದಿಂದ ಡ್ರಾಯರಿನಲ್ಲಿ ಮಲಗಿತ್ತು. ಊರಿಗೆಲ್ಲ ಬುದ್ಧಿ ಹೇಳಿದ ನನಗೂ ಆ 'ಮರಣ' ಅನ್ನುವ ಪದದ ಕೆಳಗೆ ಸೈನ್ ಹಾಕಲು ಕೈ ಬಂದಿರಲಿಲ್ಲ. ತೆಗೆದು ಸೈನ್ ಹಾಕಿದೆ.

ಆಮೇಲೆ ಮುದ್ದೆಯನ್ನು ತನ್ನ ಕಡೆಗೇ ಎಳೆದುಕೊಂಡು ಅವನು ಅಂದ: "ಈಗ ಮೊದಲ ತುತ್ತು ನಾನ್ ತಿಂತೀನಿ ಬುಡಿ. ನಿಮ್ ಮನೆಯವ್ರ ಪಿಂಚಣಿನೂ ಶುರುವಾಗೋದು ಬೇಡ."